ದುಡ್ಡು ‘ಬಂದಿಲ್ಲ’ ಅಂದರೆ ಯಾರು ಕೊಟ್ಟಿಲ್ಲ? ನಮ್ಮ ಪೇಪರ್ ತಲೆಬರಹಗಳ ಬಗ್ಗೆ ಒಂದಿಷ್ಟು ಮಾತು

ಗುಂಡಿ ಸರ್ಕಲ್ (ದಾವಣಗೆರೆ)

ಪೇಪರ್‌ಗಳು ಒಂದು ಪಕ್ಷದ ಕಡೆ ವಾಲುತ್ತವೆ ಅನ್ನುವುದು ಹೊಸ ದೂರೇನಲ್ಲ. ಟೀ ಅಂಗಡಿಯಲ್ಲಿ ಕೂತರೆ ಯಾವ ಪೇಪರ್ ಯಾರ ಕಡೆ ಅಂತ ಗ್ಲಾಸು ಖಾಲಿ ಆಗುವುದರೊಳಗೆ ತೀರ್ಮಾನ ಆಗಿರುತ್ತದೆ. ನನ್ನ ತಕರಾರು ಬೇರೆ. ಕಣ್ಣಿಗೆ ಹೊಡೆಯುವ ಪದಕ್ಕಿಂತ, ಇರಬೇಕಾದ ಜಾಗದಲ್ಲಿ ಇಲ್ಲದ ಪದ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗನಿಸುತ್ತದೆ.

ಭದ್ರಾ ನೀರನ್ನು ಬಯಲುಸೀಮೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಯನ್ನೇ ತಗೊಳ್ಳಿ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಆಗ ದೆಹಲಿಯಲ್ಲೂ ಬೆಂಗಳೂರಲ್ಲೂ ಬಿಜೆಪಿ ಸರ್ಕಾರ. ಅದೇ ವರ್ಷ ಮೇ ತಿಂಗಳಲ್ಲಿ ಇಲ್ಲಿ ಕಾಂಗ್ರೆಸ್ ಬಂತು. ಆಮೇಲೆ ಶುರುವಾಯಿತು ಜಗಳ. ಘೋಷಿಸಿದ ದುಡ್ಡು ಕೊಟ್ಟಿಲ್ಲ ಅಂತ ರಾಜ್ಯದವರು. ನಿಯಮ, ದಾಖಲೆ, ಷರತ್ತು ಅಂತ ಆ ಕಡೆಯವರು. ಈ ಸುದ್ದಿಗೆ ಮಾದರಿಗೆಂದು ನಾನೇ ಮೂರು ತಲೆಬರಹ ಕಟ್ಟಿದ್ದೇನೆ:

‘ಮೇಲ್ದಂಡೆಗೆ ಬಿಡಿಗಾಸೂ ಕೊಡದ ಕೇಂದ್ರ’

‘ಅನುದಾನ ತರಲು ರಾಜ್ಯ ವಿಫಲ’

‘ಮೇಲ್ದಂಡೆಗೆ ಬಾರದ 5,300 ಕೋಟಿ’

ಮೊದಲ ಎರಡನ್ನು ಓದಿದ ಕೂಡಲೇ ಇದು ಯಾರ ಪೇಪರ್ ಅಂತ ಹೇಳಿಬಿಡುತ್ತೀರಿ. ಮೂಗು ಮುರಿಯುತ್ತೀರಿ ಅಥವಾ ತಲೆದೂಗುತ್ತೀರಿ. ಹೇಗಿದ್ದರೂ ಎಚ್ಚರದಲ್ಲಿ ಓದುತ್ತೀರಿ. ಮೂರನೆಯದರ ಜೊತೆ ಯಾರೂ ಜಗಳ ತೆಗೆಯಲ್ಲ. ಎಷ್ಟು ಸಾಧು ತಲೆಬರಹ, ಅಲ್ವಾ? ಆದರೆ ದುಡ್ಡು ತಾನೇ ನಡೆದು ಬರುವ ವಸ್ತುವಲ್ಲ. ಒಬ್ಬರು ಕೊಡಬೇಕು, ಇನ್ನೊಬ್ಬರು ಬೆನ್ನು ಹತ್ತಿ ತರಬೇಕು. ಇಬ್ಬರ ಹೆಸರನ್ನೂ ತೆಗೆದು ದುಡ್ಡಿನದೇ ತಪ್ಪು ಅನ್ನುವ ಹಾಗೆ ಬರೆದರೆ ಅದಕ್ಕೆ ನಿಷ್ಪಕ್ಷಪಾತ ಅನ್ನುತ್ತೇವೆ.

‘ಲಘು ಲಾಠಿ ಪ್ರಹಾರ’ ಕೂಡ ಹೀಗೇ. ಹೊಡೆದವರಿಲ್ಲ, ಹೊಡೆಸಿಕೊಂಡವರಿಲ್ಲ. ಅದು ಲಘು ಅಂತ ತೂಕ ಹಾಕಿದವರು ಯಾರು? ಏಟು ತಿಂದವನನ್ನು ಕೇಳಿ ಬರೆದದ್ದಂತೂ ಆಗಿರಲಿಕ್ಕಿಲ್ಲ.

ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಹೇಳಿ. ಪೇಪರ್ ಹೆಸರು, ಚಾನೆಲ್ ಹೆಸರು ಬೇಡ. ಹೆಸರು ಬಂದರೆ ಮಾತು ಅದರ ಮಾಲೀಕರ ಮೇಲೆ ಹೋಗುತ್ತದೆ, ಪದದ ಮೇಲೆ ನಿಲ್ಲಲ್ಲ.

ದುರ್ಗದ ಕೋಟೆ (ಚಿತ್ರದುರ್ಗ)

ಮೊದಲ ತಲೆಬರಹದಲ್ಲಿ ತಪ್ಪೇನಿದೆ ಸಾರ್? ಸಂಸತ್ತಿನಲ್ಲಿ ನಿಂತು ಕೊಡುತ್ತೇವೆ ಅಂದವರು ಕೊಡಬೇಕು. ಕೊಡದಿದ್ದರೆ ‘ಕೊಡದ ಕೇಂದ್ರ’ ಅನ್ನದೆ ಇನ್ನೇನು ಅನ್ನಬೇಕು? ‘ಬಿಡಿಗಾಸು’ ಸ್ವಲ್ಪ ಖಾರ ಇರಬಹುದು, ಒಪ್ಪುತ್ತೇನೆ. ಆದರೆ ಖಾರ ಬೇರೆ, ಸುಳ್ಳು ಬೇರೆ. ಎರಡು ಕಡೆಯವರಿಗೂ ಸಮ ಮಾಡಬೇಕು ಅಂತ ನಿಜವನ್ನು ಅರ್ಧ ಮಾಡಬೇಡಿ.

ಶಾಮನೂರು ರೋಡ್ (ದಾವಣಗೆರೆ)

ಕೋಟೆ ಅಣ್ಣಾ, ನಿಮ್ಮದು ಸರಿ ಅಂದರೆ ಎರಡನೆಯದೂ ಸರಿಯೇ. ಕೇಳಿದ ಕಾಗದ ಕೊಟ್ಟು, ದೆಹಲಿಗೆ ಓಡಾಡಿ ತರುವ ಕೆಲಸ ರಾಜ್ಯದ್ದಲ್ಲವಾ? ಅದು ಆಗದಿದ್ದರೆ ‘ವಿಫಲ’ ಅನ್ನಬಾರದಾ? ಇನ್ನೊಂದು, ಬಜೆಟ್ ದಿನ ‘ಬಂಪರ್ ಕೊಡುಗೆ’ ಅಂತ ದೊಡ್ಡದಾಗಿ ಬರೆದವರೇ ಆಮೇಲೆ ‘ಬಿಡಿಗಾಸು’ ಅಂತ ಬರೆದಿದ್ದಾರೆ. ಆ ದಿನ ಯಾರೂ ಅದು ವಾಲಿದ ತಲೆಬರಹ ಅನ್ನಲಿಲ್ಲ.

ಗುಂಡಿ ಸರ್ಕಲ್

ಈ ‘ಕೊಡುಗೆ’ ನನಗೂ ಚುಚ್ಚುತ್ತದೆ. ಬಜೆಟ್ ಭಾಷಣದಲ್ಲಿದ್ದದ್ದು ಕೇಂದ್ರದ ನೆರವು. ತೆರಿಗೆ ದುಡ್ಡಿನಲ್ಲಿ ನಾಲೆ ತೋಡಿದರೆ ಅದು ಹೇಗೆ ಕೊಡುಗೆ ಆಗುತ್ತದೋ. ಹುಟ್ಟುಹಬ್ಬಕ್ಕೆ ವಾಚು ಕೊಟ್ಟ ಹಾಗಿದೆ. ರಾಜ್ಯದವರ ಗ್ಯಾರಂಟಿಗೂ ಒಂದು ದಿನ ‘ಕೊಡುಗೆ’, ಇನ್ನೊಂದು ದಿನ ‘ಬಿಟ್ಟಿ’. ಎರಡರ ನಡುವೆ ‘ಯೋಜನೆ’ ಅನ್ನುವ ಸಾದಾ ಪದ ಇದೆ ಅನ್ನುವುದೇ ಮರೆತುಹೋಗಿದೆ.

ಹಳೇ ಡೆಸ್ಕ್ (ದಾವಣಗೆರೆ)

ನಾನು ರಾತ್ರಿ ಪಾಳಿಯಲ್ಲಿ ಜಿಲ್ಲಾ ಪುಟ ಮಾಡಿದವನು. ಈಗ ಬಿಟ್ಟಿದ್ದೇನೆ. ಹೊರಗಿನವರಿಗೆ ಒಂದು ವಿಷಯ ಗೊತ್ತಿರಲ್ಲ. ಸುದ್ದಿ ಬರೆದ ವರದಿಗಾರ ತಲೆಬರಹ ಕೊಡುವವನಲ್ಲ. ಅವನೊಂದು ತಲೆಬರಹ ಹಾಕಿ ಕಳಿಸಿರುತ್ತಾನೆ, ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕ್‌ನಲ್ಲಿ ಅದು ಉಳಿಯುವುದು ಅಪರೂಪ. ಬೆಳಿಗ್ಗೆ ಬೈಸಿಕೊಳ್ಳುವುದು ಮಾತ್ರ ಅವನೇ. ತಾಲ್ಲೂಕು ವರದಿಗಾರರ ಪಾಡಂತೂ ಕೇಳಬೇಡಿ. ಊರಿನ ಮುಖಂಡ ಫೋನ್ ಮಾಡಿ ‘ಏನ್ರೀ ಹಿಂಗೆ ಹಾಕೀರಿ’ ಅಂದಾಗಲೇ ಅವರಿಗೂ ಆ ತಲೆಬರಹ ಗೊತ್ತಾಗುವುದು.

ಪುಟ ಹೊರಡುವ ಹೊತ್ತಿಗೆ ಪರದೆ ಮುಂದೆ ಕೂತಿರುತ್ತೀರಿ. ಕೊನೆ ಗಳಿಗೆಯಲ್ಲಿ ಜಾಹೀರಾತು ಬಂದು ಎರಡು ಕಾಲಂ ಸುದ್ದಿ ಒಂದು ಕಾಲಂಗೆ ಇಳಿದಿರುತ್ತದೆ. ‘ಜಿಲ್ಲಾ ಉಸ್ತುವಾರಿ ಸಚಿವರ ಕಾರ್ಯವೈಖರಿಗೆ ಪ್ರತಿಪಕ್ಷ ನಾಯಕರ ಅಸಮಾಧಾನ’ ಅಂತ ಬಂದದ್ದನ್ನು ಮೂರು ಸಾಲಿಗೆ ಇಳಿಸಬೇಕು. ಸಾಲಿಗೆ ಹತ್ತು ಹನ್ನೆರಡು ಅಕ್ಷರಕ್ಕಿಂತ ಜಾಸ್ತಿ ಕೂರಲ್ಲ. ಒತ್ತಕ್ಷರ ಇದ್ದರೆ ಕೆಳಗಿನ ಸಾಲಿಗೆ ತಾಗುತ್ತದೆ, ಮತ್ತೆ ಅಂತರ ಬಿಡಿಸಬೇಕು. ಆಗ ಬೆರಳು ತಾನಾಗೇ ‘ಸಚಿವರ ವಿರುದ್ಧ ಕಿಡಿ’ ಅಂತ ಒತ್ತುತ್ತದೆ. ಕಿಡಿ, ಗರಂ, ಟಾಂಗ್, ಗುದ್ದು, ಚಾಟಿ, ತರಾಟೆ. ಇವೆಲ್ಲ ಕಾಲಂ ಅಗಲ ಹುಟ್ಟಿಸಿದ ಪದಗಳು. ಸಿಎಂ, ಡಿಸಿಎಂ, ಬಿಎಸ್‌ವೈ, ಎಚ್‌ಡಿಕೆ, ಡಿಕೆಶಿ ಕೂಡ ಅದಕ್ಕೇ ಬಂದವು.

‘ಕರ್ತೃ ಬಿಟ್ಟರು’ ಅಂತೀರಲ್ಲ, ಎಷ್ಟೋ ಸಲ ಅದು ಹಿಡಿಸಲಿಲ್ಲ ಅಂತ ಬಿಟ್ಟಿದ್ದು. ರಾತ್ರಿ ಹನ್ನೊಂದೂವರೆಗೆ ಯಾರಿಗೂ ಸಿದ್ಧಾಂತ ಇರಲ್ಲ, ಊಟ ಆಗಿರಲ್ಲ ಅಷ್ಟೇ.

ಚಳ್ಳಕೆರೆ ಮೇಷ್ಟ್ರು

ಡೆಸ್ಕ್ ಸಾರ್ ಕಷ್ಟ ಒಪ್ಪಿದೆ. ಒಂದೇ ಪ್ರಶ್ನೆ. ‘ಕಿಡಿ’ ಎರಡಕ್ಷರ. ‘ಟೀಕೆ’ಯೂ ಎರಡೇ ಅಕ್ಷರ. ಎರಡರಲ್ಲೂ ಒತ್ತಿಲ್ಲ. ಹಾಗಿದ್ದ ಮೇಲೆ ಬೆರಳು ಯಾವಾಗಲೂ ‘ಕಿಡಿ’ ಕಡೆಗೇ ಯಾಕೆ ಹೋಗುತ್ತದೆ?

ಜಾಗ ಸಾಲದೆ ಹುಟ್ಟಿದ ಪದ ಅಂದರೆ ಅದು ಎಲ್ಲರಿಗೂ ಒಂದೇ ಥರ ಬೀಳಬೇಕು. ಹಾಗೆ ಬೀಳಲ್ಲ. ಒಬ್ಬರು ಉತ್ತರ ಕೊಟ್ಟರೆ ‘ಸ್ಪಷ್ಟನೆ’, ಇನ್ನೊಬ್ಬರು ಕೊಟ್ಟರೆ ‘ಸಬೂಬು’. ನಮ್ಮವರು ಕೊಡುವುದು ‘ಎಚ್ಚರಿಕೆ’, ಅವರು ಹಾಕುವುದು ‘ಬೆದರಿಕೆ’. ಒಬ್ಬ ನಾಯಕ ಗುಡುಗುತ್ತಾನೆ, ಇನ್ನೊಬ್ಬ ನಾಲಿಗೆ ಹರಿಬಿಡುತ್ತಾನೆ. ಇಬ್ಬರೂ ಮೈಕ್ ಮುಂದೆ ನಿಂತು ಬಾಯಿ ಮಾಡಿದ್ದೇ. ಅಡ್ಡಹೆಸರುಗಳೂ ಹಾಗೇ. ರಾಜಾಹುಲಿ, ಟಗರು, ಬಂಡೆ ಅಂತ ತಲೆಬರಹದಲ್ಲಿ ಬಂದರೆ ಅದು ಅಭಿಮಾನಿ ಸಂಘದ ಫ್ಲೆಕ್ಸ್ ಆಗುತ್ತದೆ, ಸುದ್ದಿ ಆಗಲ್ಲ.

ಮಕ್ಕಳ ಹತ್ತಿರ ಒಂದು ಪ್ರಯೋಗ ಮಾಡಿದೆ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತಲ್ಲ, ಆ ಸುದ್ದಿಯನ್ನು ಬೋರ್ಡ್ ಮೇಲೆ ಬರೆದು ಹತ್ತನೇ ಕ್ಲಾಸಿನವರಿಗೆ ತಲೆಬರಹ ಕೊಡಿ ಅಂದೆ. ಬೆಂಚಿನಿಂದ ಬೆಂಚಿಗೆ ಬೇರೆ ಬೇರೆ ಬಂತು. ‘ಬಸ್ ದರ ಪರಿಷ್ಕರಣೆ’ ಅಂತ ಒಬ್ಬಳು ಬರೆದಳು. ಅವಳ ಅಪ್ಪ ಕಂಡಕ್ಟರ್. ‘ಮತ್ತೆ ಬಡವರ ಜೇಬಿಗೆ ಕತ್ತರಿ’ ಅಂತ ಒಬ್ಬ. ಹಿಂದಿನ ಬೆಂಚಿನ ಹುಡುಗ ಬರೆದದ್ದು ನೋಡಿ ನಾನು ಚಾಕ್‌ಪೀಸ್ ಇಟ್ಟು ನಕ್ಕೆ: ‘ಅಮ್ಮನಿಗೆ ಫ್ರೀ, ಅಪ್ಪನಿಗೆ ಬರೆ’. ಶಕ್ತಿ ಯೋಜನೆ, ದರ ಏರಿಕೆ, ಮನೆಯ ಲೆಕ್ಕ ಎಲ್ಲ ನಾಲ್ಕು ಪದದಲ್ಲಿ. ಅವನಿಗೆ ಯಾವ ಪಕ್ಷವೂ ಹೇಳಿಕೊಟ್ಟಿರಲಿಲ್ಲ. ಆದರೆ ಅದು ಖಂಡಿತ ವಾಲಿದ ತಲೆಬರಹ. ಅದೇ ಆ ಕ್ಲಾಸಿನ ಅತಿ ಒಳ್ಳೆಯ ತಲೆಬರಹವೂ ಹೌದು. ಇದನ್ನು ಏನು ಮಾಡುವುದು ಅಂತ ನನಗಿನ್ನೂ ತೀರ್ಮಾನ ಆಗಿಲ್ಲ.

ಹಳೇ ಡೆಸ್ಕ್

ಮೇಷ್ಟ್ರೇ, ಆ ಹುಡುಗನನ್ನು ಯಾವ ಡೆಸ್ಕಾದರೂ ನಾಳೆಯೇ ತಗೊಳ್ಳುತ್ತದೆ. ‘ಟೀಕೆ’ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ‘ಟೀಕೆ’ ಅಂದರೆ ಯಾರೂ ಓದಲ್ಲ ಅನ್ನುವುದೊಂದೇ.

ಮಲೇಬೆನ್ನೂರು ಗದ್ದೆ

ನೀವೆಲ್ಲ ಪಕ್ಷ ಪಕ್ಷ ಅಂತೀರಿ. ನನಗೆ ಕಾಣುವುದು ಜಿಲ್ಲೆ.

ನಾವು ಭದ್ರಾ ನಾಲೆಯ ಕೊನೆ ಭಾಗದವರು. ಡ್ಯಾಂ 186 ಅಡಿ ತುಂಬಿದ ದಿನ ಪೇಪರ್‌ನಲ್ಲಿ ತಪ್ಪದೆ ಬರುವ ಒಂದು ಸಾಲಿದೆ: ‘ರೈತರ ಮೊಗದಲ್ಲಿ ಮಂದಹಾಸ’. ನಾಲೆಗೆ ನೀರು ಬಿಟ್ಟ ದಿನ ಇನ್ನೊಂದು ಸಲ ಮಂದಹಾಸ. ಬಿಟ್ಟ ನೀರು ನಮ್ಮ ತೂಬಿಗೆ ಬರುವ ಹೊತ್ತಿಗೆ ಎಷ್ಟು ದಿನ ಆಗಿರುತ್ತದೆ, ಮೇಲಿನವರ ಪಂಪ್‌ಸೆಟ್ ಎಷ್ಟು ಕುಡಿದಿರುತ್ತದೆ, ಅದು ಯಾವ ತಲೆಬರಹಕ್ಕೂ ಬರಲ್ಲ. ಸಸಿ ಮಡಿ ಒಣಗುತ್ತಿರುವಾಗ ನಾನು ಮಂದಹಾಸ ಬೀರುತ್ತಿದ್ದೇನೆ ಅಂತ ಪೇಪರ್ ನೋಡಿ ನನಗೆ ಗೊತ್ತಾಗಬೇಕು. ‘ನೀರು ಬಿಡುಗಡೆ’ ಅನ್ನುವುದು ಡ್ಯಾಂ ಕಡೆ ನಿಂತು ನೋಡಿದವರ ತಲೆಬರಹ. ಕೊನೆ ಭಾಗದಲ್ಲಿ ನಿಂತರೆ ಅದು ‘ನೀರು ತಲುಪಿಲ್ಲ’. ಎರಡೂ ಒಂದೇ ದಿನದ ಸುದ್ದಿ.

ಮೇಲ್ದಂಡೆಗೂ ಇದೇ ಮಾತು. ದುರ್ಗದ ಕಡೆ ಪುಟದಲ್ಲಿ ಅದು ‘ಬಯಲುಸೀಮೆಗೆ ಭದ್ರೆ’. ನಮ್ಮ ಅಚ್ಚುಕಟ್ಟಿನವರು ಮಾತಾಡಿದರೆ ‘ಭದ್ರಾ ನೀರಿಗೆ ಕನ್ನ’. ಪೇಪರ್ ಒಂದೇ, ಮಾಲೀಕ ಒಬ್ಬನೇ, ಪಕ್ಷವೂ ಒಂದೇ ಇರಬಹುದು. ಪುಟ ಬೇರೆ ಅಷ್ಟೇ.

ಮಾರಿಕಣಿವೆ (ಹಿರಿಯೂರು)

ಗದ್ದೆ ಯಜಮಾನ್ರೇ, ಕನ್ನ ಅನ್ನಬೇಡಿ, ನಮಗೆ ನೋವಾಗುತ್ತದೆ. ಬೋರ್ ಕೊರೆಸಿ ಕೊರೆಸಿ ತೋಟ ಕೈಬಿಟ್ಟವರ ಊರು ನಮ್ಮದು. ನಿಮಗೆ ಹೆಚ್ಚು ಕಡಿಮೆ ಆಗುವ ನೀರು ನಮಗೆ ಕುಡಿಯುವ ನೀರು.

ಆದರೆ ನೀವು ಹೇಳಿದ್ದು ಸರಿ, ನಿಂತ ಜಾಗ ಪದ ಹುಟ್ಟಿಸುತ್ತದೆ. ಗುಂಡಿ ಸರ್ಕಲ್ ಅವರ ಮಾತಿಗೆ ನಾನೊಂದು ಸೇರಿಸುತ್ತೇನೆ. ಕೆಟ್ಟ ಸುದ್ದಿಯಲ್ಲಿ ಕರ್ತೃ ಮಾಯ ಆಗುತ್ತಾನೆ, ಒಳ್ಳೆ ಸುದ್ದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾನೆ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಆದ ಮೇಲೆ. ಆ ವರ್ಷ ಮಳೆ ಜೋರಿತ್ತು, ಭದ್ರೆಯ ನೀರೂ ಸೇರಿತ್ತು. 2025ರ ಜನವರಿಯಲ್ಲಿ ಇನ್ನೊಂದು ಸಲ ಕೋಡಿ. ಆಗ ನೋಡಬೇಕಿತ್ತು. ಯೋಜನೆ ತಂದವರು, ಕಾಮಗಾರಿ ಶುರು ಮಾಡಿದವರು, ವೇಗ ಕೊಟ್ಟವರು, ಬಾಗಿನ ಬಿಟ್ಟವರು. ಕಣಿವೆ ದಂಡೆಯಲ್ಲಿ ಜಾಗ ಸಾಲಲಿಲ್ಲ. ಮಳೆಗೆ ಮಾತ್ರ ಯಾರೂ ಫ್ಲೆಕ್ಸ್ ಹಾಕಲಿಲ್ಲ. ಅದೇ ನಾಲೆ ಕೆಲಸ ನಿಂತರೆ? ‘ಕಾಮಗಾರಿ ಕುಂಠಿತ’. ಯಾರು ಕುಂಠಿತ ಮಾಡಿದರು? ಕಾಮಗಾರಿ ತಾನೇ ಕುಂಟಿಕೊಂಡಿತು.

ದುರ್ಗದ ಕೋಟೆ

‘ಕಾಮಗಾರಿ ಕುಂಠಿತ’ 😀 ‘ರಸ್ತೆ ಗುಂಡಿಮಯ’, ‘ಸೇತುವೆ ಶಿಥಿಲ’, ‘ಹಣ ದುರ್ಬಳಕೆ’ ಎಲ್ಲ ಈ ಕುಟುಂಬದವೇ.

ಹದಡಿ ರೋಡ್ (ದಾವಣಗೆರೆ)

ಕಾರ್ಯಕ್ರಮದ ಹೆಸರಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮೂರಲ್ಲೇ ಆದದ್ದು. 2022ರ ಆಗಸ್ಟ್ 3. ಸಂಘಟಕರು ಇಟ್ಟ ಹೆಸರು ಅಮೃತ ಮಹೋತ್ಸವ, ಸಿದ್ದರಾಮಯ್ಯ ಅವರಿಗೆ 75 ತುಂಬಿದ್ದಕ್ಕೆ. ಇವತ್ತು ಯಾರನ್ನು ಕೇಳಿದರೂ ‘ಸಿದ್ದರಾಮೋತ್ಸವ’. ಆ ಹೆಸರು ಅಂಟಿಕೊಂಡಾಗ ಅವರ ಪಕ್ಷದವರೇ ಅದು ಹುಟ್ಟುಹಬ್ಬ ಅಷ್ಟೇ ಅಂತ ಹೇಳಬೇಕಾಯಿತು. ಯಾಕೆ? ಉತ್ಸವ ಅಂದ ಕೂಡಲೇ ಮೂರ್ತಿ ನೆನಪಾಗುತ್ತದೆ, ಮೆರವಣಿಗೆ ನೆನಪಾಗುತ್ತದೆ. ವ್ಯಕ್ತಿಪೂಜೆ ಅನ್ನುವ ಟೀಕೆ ಆ ಪದದ ಒಳಗೇ ಕೂತಿದೆ. ಬೆಂಬಲಿಗರು ಅದನ್ನೇ ಹೆಮ್ಮೆಯಿಂದ ಹೇಳಿದರು, ವಿರೋಧಿಗಳು ಅದನ್ನೇ ಕುಹಕಕ್ಕೆ ಹೇಳಿದರು. ತಲೆಬರಹಕ್ಕೆ ಸುಲಭ ಆಯಿತು, ಇಬ್ಬರಿಗೂ ಒಂದೇ ಪದ.

ಆಮೇಲೆ 2023ರ ಮಾರ್ಚ್ 25ಕ್ಕೆ ಬಿಜೆಪಿಯ ವಿಜಯ ಸಂಕಲ್ಪ ಯಾತ್ರೆಯ ಸಮಾರೋಪ, ಪ್ರಧಾನಿ ಮೋದಿ ಬಂದಿದ್ದರು. ಅದು ‘ಮಹಾಸಂಗಮ’. ಅದು ಪಕ್ಷವೇ ಇಟ್ಟ ಹೆಸರು, ತಲೆಬರಹದವರು ಹಾಗೇ ಎತ್ತಿಕೊಂಡರು. ಪಕ್ಷ ‘ಮಹಾ’ ಅಂದರೆ ಪೇಪರ್ ಕೂಡ ‘ಮಹಾ’ ಅನ್ನಬೇಕಾ? ಉದ್ಧರಣ ಚಿಹ್ನೆ ಹಾಕಿದರೆ ಆಗಲ್ವಾ?

ಎರಡು ದಿನವೂ ನಮ್ಮ ರೋಡಿನ ತುಂಬ ಜನ, ಬಸ್ಸು, ಕ್ರೂಸರ್. ಜನಸಾಗರ ಅನ್ನುವುದಾದರೆ ಎರಡಕ್ಕೂ ಅನ್ನಬಹುದು, ಸಂಚಾರ ಅಸ್ತವ್ಯಸ್ತ ಅನ್ನುವುದಾದರೂ ಎರಡಕ್ಕೂ ಅನ್ನಬಹುದು. ಯಾವುದಕ್ಕೆ ಸಾಗರ ಸಿಗುತ್ತದೆ, ಯಾವುದಕ್ಕೆ ಟ್ರಾಫಿಕ್ ಸಿಗುತ್ತದೆ ಅಂತ ನೋಡಿದರೆ ಪೇಪರ್ ಯಾರ ಕಡೆ ಅಂತ ಗೊತ್ತಾಗುತ್ತದೆ. ಕುರ್ಚಿಯ ಫೋಟೋ ಬಂದರಂತೂ ಕೇಳುವುದೇ ಬೇಡ. ಎಷ್ಟು ದೊಡ್ಡ ಸಭೆಯಲ್ಲೂ ಹಿಂದೆ ಎಲ್ಲೋ ಹತ್ತು ಕುರ್ಚಿ ಖಾಲಿ ಇರುತ್ತವೆ.

ಅಂಗನವಾಡಿ ಅಕ್ಕ (ದಾವಣಗೆರೆ ತಾಲ್ಲೂಕು)

ಟ್ರಾಫಿಕ್ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ.

ಹೋದ ತಿಂಗಳು ನಾವು ಕಾರ್ಯಕರ್ತೆಯರು, ಸಹಾಯಕಿಯರು ಸೇರಿ ಧರಣಿ ಕೂತಿದ್ದೆವು. ಬಿಸಿಲಿಗೆ ಕೊಡೆ ಹಿಡಿದುಕೊಂಡು, ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಒಬ್ಬ ವರದಿಗಾರ ಹುಡುಗ ಬಂದು ಪಕ್ಕದಲ್ಲೇ ಕೂತು ಬೇಡಿಕೆ ಎಲ್ಲ ಬರೆದುಕೊಂಡ. ಗೌರವಧನ ಹೆಚ್ಚಬೇಕು, ಮೊಬೈಲ್‌ನಲ್ಲಿ ಮಾಡಿಸುವ ಕೆಲಸ ಜಾಸ್ತಿ ಆಗಿದೆ, ಮೊಟ್ಟೆಗೆ ಕೈಯಿಂದ ದುಡ್ಡು ಹಾಕಿದರೆ ಬಿಲ್ ತಡ ಆಗುತ್ತದೆ. ಒಂದೂ ಬಿಡದೆ ಬರೆದುಕೊಂಡ. ಮಾರನೇ ದಿನ ಸುದ್ದಿಯ ಒಳಗೆ ಅಷ್ಟೂ ಇತ್ತು, ಪಾಪ. ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು: ‘ಪ್ರತಿಭಟನೆ: ವಾಹನ ಸವಾರರ ಪರದಾಟ’.

ನಮ್ಮೂರಲ್ಲಿ ತಲೆಬರಹ ಅಷ್ಟೇ ಓದಿದ ಜನ ನನ್ನನ್ನು ಕೇಳಿದ್ದು ‘ಯಾಕಕ್ಕಾ ರೋಡ್ ಬಂದ್ ಮಾಡಿದ್ರಿ’ ಅಂತ. ಯಾಕೆ ಕೂತಿದ್ದಿರಿ ಅಂತ ಒಬ್ಬರೂ ಕೇಳಲಿಲ್ಲ.

ಇನ್ನೊಂದು ಮಾತು. ನಮಗೆ ಬರುವುದಕ್ಕೆ ‘ಗೌರವಧನ’ ಅನ್ನುತ್ತಾರೆ, ‘ಸಂಬಳ’ ಅನ್ನಲ್ಲ. ಪೇಪರ್‌ನವರೂ ಹಾಗೇ ಬರೆಯುತ್ತಾರೆ. ಸಂಬಳ ಅಂದರೆ ಕನಿಷ್ಠ ವೇತನ ಎಷ್ಟು, ರಜೆ ಎಷ್ಟು ಅಂತ ಪ್ರಶ್ನೆ ಬರುತ್ತದೆ. ಗೌರವಧನ ಅಂದರೆ ಗೌರವದಿಂದ ತಗೊಂಡು ಹೋಗಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಗ್ರಾಚ್ಯುಟಿ ಕೊಡಬೇಕು ಅಂತ ಹೇಳಿತು. ಗ್ರಾಚ್ಯುಟಿ ಕೊಡುವುದು ಕೆಲಸ ಮಾಡಿದವರಿಗೆ ತಾನೇ? ಆದರೂ ಪದ ಬದಲಾಗಿಲ್ಲ. ಯಾವ ಪಕ್ಷ ಬಂದರೂ ಬದಲಾಗಿಲ್ಲ. ಇದಕ್ಕೆ ರಾಜಕೀಯ ಅನ್ನುತ್ತೀರೋ ಇಲ್ಲವೋ ನೀವೇ ಹೇಳಿ.

ಗುಂಡಿ ಸರ್ಕಲ್

ಅಕ್ಕಾ, ನಾನು ಹೇಳಲು ಹೊರಟಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ‘ಪರದಾಟ’ ಅನ್ನುವಲ್ಲಿ ಒಂದು ಸುಳ್ಳಕ್ಷರ ಇಲ್ಲ. ಸವಾರರು ಪರದಾಡಿದ್ದು ನಿಜವೇ. ಆದರೆ ಇಬ್ಬರ ಕಷ್ಟದಲ್ಲಿ ಯಾರದ್ದನ್ನು ಮೇಲೆ ಇಡಬೇಕು ಅಂತ ಯಾರೋ ಆರಿಸಿದ್ದಾರೆ. ಅದೇ ವಾಲುವುದು. ಬೈಗುಳದ ಪದ ಹುಡುಕಿಕೊಂಡು ಹೋದವರಿಗೆ ಇದು ಸಿಗಲ್ಲ.

ಶಾಮನೂರು ರೋಡ್

ಒಪ್ಪುತ್ತೇನೆ. ಆದರೆ ಆ ದಿನ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡಿದ್ದರೆ? ಎಲ್ಲ ಪ್ರತಿಭಟನೆಗೂ ‘ಪರದಾಟ’ ಅನ್ನುವ ಪೇಪರ್ ಒಂದು ಥರ. ತನಗೆ ಆಗದವರ ಪ್ರತಿಭಟನೆಗೆ ಮಾತ್ರ ಅನ್ನುವ ಪೇಪರ್ ಇನ್ನೊಂದು ಥರ. ಒಂದು ದಿನದ ತುಣುಕು ನೋಡಿ ಹೇಳಲಾಗಲ್ಲ.

ತೋಳಹುಣಸೆ ಕ್ಯಾಂಪಸ್

ನಾನು ಪತ್ರಿಕೋದ್ಯಮ ಓದುತ್ತಿರುವವಳು. ಒಂದು ಪದ ಬದಲಾದರೆ ನಿಜಕ್ಕೂ ಅಷ್ಟು ವ್ಯತ್ಯಾಸ ಆಗುತ್ತದಾ ಅಂತ ಅನುಮಾನ ಇರುವವರಿಗೆ ಒಂದು ಹಳೆಯ ಪ್ರಯೋಗ ಇದೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ್ದು. ಕಾರ್ ಅಪಘಾತದ ಫಿಲ್ಮ್ ತುಣುಕುಗಳನ್ನು ಎಲ್ಲರಿಗೂ ತೋರಿಸಿದರು. ಕೆಲವರಿಗೆ ‘ಕಾರುಗಳು ತಾಗಿದಾಗ ಎಷ್ಟು ವೇಗದಲ್ಲಿದ್ದವು’ ಅನ್ನುವ ಥರ ಕೇಳಿದರು, ಕೆಲವರಿಗೆ ‘ಅಪ್ಪಳಿಸಿದಾಗ’ ಅನ್ನುವ ಥರ. ‘ತಾಗಿದ’ ಅಂತ ಕೇಳಿಸಿಕೊಂಡವರ ಅಂದಾಜು ಸರಾಸರಿ ಗಂಟೆಗೆ 31.8 ಮೈಲಿ. ‘ಅಪ್ಪಳಿಸಿದ’ ಅಂತ ಕೇಳಿಸಿಕೊಂಡವರದ್ದು 40ಕ್ಕೂ ಜಾಸ್ತಿ. ತೋರಿಸಿದ್ದು ಅದೇ ಅಪಘಾತ. ಅವರು ಕಣ್ಣಾರೆ ನೋಡಿದವರು. ನಾವು ಘಟನೆ ನೋಡಿಯೂ ಇರಲ್ಲ, ತಲೆಬರಹ ಮಾತ್ರ ನೋಡಿರುತ್ತೇವೆ.

ಇನ್ನೊಂದು ಅಧ್ಯಯನ 2010ರದ್ದು, ಗೆನ್ಸ್‌ಕೋ ಮತ್ತು ಶಪಿರೋ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರದ್ದು. ಅಲ್ಲಿ ಸತ್ತವರು ಬಿಟ್ಟುಹೋದ ಆಸ್ತಿ ಮೇಲೆ ಹಾಕುವ ಒಂದೇ ತೆರಿಗೆಗೆ ಒಂದು ಪಕ್ಷದವರು ‘ಆಸ್ತಿ ತೆರಿಗೆ’ ಅಂತಾರೆ, ಇನ್ನೊಂದು ಪಕ್ಷದವರು ‘ಸಾವಿನ ತೆರಿಗೆ’ ಅಂತಾರೆ. ಇಂಥ ಪದಗಳನ್ನು ಹಿಡಿದು ಯಾವ ಪೇಪರ್ ಯಾವ ಪಕ್ಷದ ಥರ ಮಾತಾಡುತ್ತದೆ ಅಂತ ಅಳೆದರು. ಮಾಲೀಕ ಯಾರು ಅನ್ನುವುದರಿಂದ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಆ ಊರಿನ ಓದುಗರು ಯಾವ ಪಕ್ಷದ ಕಡೆ ಇದ್ದಾರೋ ಪೇಪರ್ ಆ ಕಡೆ ವಾಲಿತ್ತು. ಅಂದರೆ ನಾವು ಕೇಳಿದ್ದನ್ನೇ ಅವರು ಬಡಿಸುತ್ತಿದ್ದಾರೆ. ಗದ್ದೆ ಯಜಮಾನ್ರು ಹೇಳಿದ ಪುಟದ ಕಥೆಯೂ ಹೆಚ್ಚು ಕಡಿಮೆ ಇದೇ.

ಹಳೇ ಡೆಸ್ಕ್

ತಂಗೀ, ಅದು ಅಮೆರಿಕದ ಲೆಕ್ಕ. ಇಲ್ಲಿ ಓದುಗ ಕೊಡುವ ದುಡ್ಡಲ್ಲಿ ಕಾಗದದ ಖರ್ಚೂ ಪೂರ್ತಿ ಹುಟ್ಟಲ್ಲ. ಜಿಲ್ಲಾ ಮಟ್ಟದ ಪೇಪರ್ ಉಸಿರಾಡುವುದು ವಾರ್ತಾ ಇಲಾಖೆಯ ಜಾಹೀರಾತು, ಟೆಂಡರ್ ಪ್ರಕಟಣೆ, ಮುಖಂಡರ ಹುಟ್ಟುಹಬ್ಬದ ಶುಭಾಶಯ, ಮಠದ ಕಾರ್ಯಕ್ರಮದ ಪುರವಣಿ ಇವುಗಳ ಮೇಲೆ. ಇವತ್ತು ಪೂರ್ತಿ ಪುಟ ಶುಭಾಶಯ ಕೊಟ್ಟವರ ಬಗ್ಗೆ ನಾಳೆ ‘ಸಬೂಬು’ ಅಂತ ಬರೆಯಲು ಕೈ ಬರಲ್ಲ. ಯಾರೂ ಬರೆಯಬೇಡ ಅಂತ ಹೇಳಬೇಕಾಗೂ ಇಲ್ಲ. ಅದಕ್ಕೇ ಸರ್ಕಾರ ಬದಲಾದಾಗ ಕೆಲವು ಪೇಪರ್‌ಗಳ ಪದಕೋಶವೂ ಬದಲಾಗುತ್ತದೆ. ದುಡ್ಡು ತಗೊಂಡು ಸುದ್ದಿ ಹಾಕುವುದರ ಬಗ್ಗೆ ಪ್ರೆಸ್ ಕೌನ್ಸಿಲ್ 2010ರಲ್ಲೇ ವರದಿ ಮಾಡಿದೆ. ನಾನು ಹೇಳುತ್ತಿರುವುದು ಅದಕ್ಕಿಂತ ಮೆತ್ತಗಿನದು. ರಸೀದಿ ಇಲ್ಲದ್ದು.

ತೋಳಹುಣಸೆ ಕ್ಯಾಂಪಸ್

ಸಾರ್, ಜಾಹೀರಾತು ಕಾರಣ ಆದರೆ ಯೂಟ್ಯೂಬ್ ಚಾನೆಲ್‌ಗಳು ಹೇಗೆ? ಅಲ್ಲಿ ವಾರ್ತಾ ಇಲಾಖೆ ಇಲ್ಲ, ಕಾಲಂ ಅಗಲ ಇಲ್ಲ. ಆದರೂ ‘ಶಾಕ್’, ‘ಬಿಗ್ ಟ್ವಿಸ್ಟ್’, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಒತ್ತುವವರು ನಾವೇ ಅಲ್ವಾ?

ಚಳ್ಳಕೆರೆ ಮೇಷ್ಟ್ರು

ಪ್ರಶ್ನಾರ್ಥಕ ಚಿಹ್ನೆ ದೊಡ್ಡ ಅನುಕೂಲ. ‘ಶಾಸಕರು ಪಕ್ಷ ಬಿಡುತ್ತಾರಾ?’ ಅಂದರೆ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಪದ ಹೇಗೆ ಬೇಗ ಬಣ್ಣ ಬದಲಿಸುತ್ತದೆ ಅನ್ನುವುದಕ್ಕೆ 2019 ನೆನಪು ಮಾಡಿಕೊಳ್ಳಿ. ಆಗಿನ ಸಮ್ಮಿಶ್ರ ಸರ್ಕಾರದ ಕಡೆಯ ಶಾಸಕರು ರಾಜೀನಾಮೆ ಕೊಟ್ಟು ಮುಂಬೈಗೆ ಹೋದಾಗ ಅವರು ‘ಅತೃಪ್ತ ಶಾಸಕರು’. ಜುಲೈನಲ್ಲಿ ಸ್ಪೀಕರ್ ಆದೇಶ ಆದ ಮೇಲೆ 17 ಮಂದಿ ‘ಅನರ್ಹರು’. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂದಿತು. ‘ಅನರ್ಹ’ ಕಾನೂನಿನ ಪದ, ಬಳಸಿದ್ದರಲ್ಲಿ ತಪ್ಪಿಲ್ಲ. ಆದರೆ ಡಿಸೆಂಬರ್ ಉಪಚುನಾವಣೆ ಪ್ರಚಾರದಲ್ಲಿ ಅದೇ ಪದ ಬೈಗುಳ ಆಗಿತ್ತು. ಬಹಳಷ್ಟು ಮಂದಿ ಗೆದ್ದರು. ಗೆದ್ದವರು ಮಾರನೇ ದಿನ ‘ಅರ್ಹರು’. ಮನುಷ್ಯರು ಅವರೇ, ಮೀಸೆಯೂ ಅದೇ.

ಹರಿಹರ ವಕೀಲ

ತಡವಾಗಿ ಬಂದೆ. ಎಲ್ಲರೂ ರೋಗದ ಬಗ್ಗೆ ಹೇಳಿದ್ದೀರಿ, ದೂರು ಕೊಡುವ ಜಾಗದ ಬಗ್ಗೆ ನಾನು ಹೇಳುತ್ತೇನೆ.

ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾದ ನಡತೆಯ ನಿಯಮಗಳಲ್ಲಿ ತಲೆಬರಹಕ್ಕೇ ಬೇರೆ ಮಾತಿದೆ. ಕೆರಳಿಸುವಂಥ ತಲೆಬರಹ ಇರಬಾರದು. ತಲೆಬರಹ ಕೆಳಗಿನ ಸುದ್ದಿಗೆ ತಕ್ಕ ಹಾಗಿರಬೇಕು. ಮುಖ್ಯವಾದ್ದು ಇನ್ನೊಂದು: ಯಾರೋ ಮಾಡಿದ ಆರೋಪವನ್ನು ತಲೆಬರಹ ಮಾಡಿದರೆ, ಹೇಳಿದವರು ಯಾರು ಅಂತ ಅಲ್ಲೇ ಇರಬೇಕು, ಇಲ್ಲವೇ ಕನಿಷ್ಠ ಉದ್ಧರಣ ಚಿಹ್ನೆ ಇರಬೇಕು. ಕೋಟೆಯವರು ಮತ್ತು ಶಾಮನೂರು ರೋಡ್ ಅವರು ಜಗಳ ಆಡಿದ ಎರಡೂ ತಲೆಬರಹ ಇದರಲ್ಲಿ ಬೀಳುತ್ತವೆ. ‘ಕೇಂದ್ರ ಹಣ ಕೊಟ್ಟಿಲ್ಲ: ಸಚಿವ’ ಅಂದರೆ ಅದು ಸಚಿವರ ಮಾತು. ‘ಸಚಿವ’ ತೆಗೆದರೆ ಅದು ಪೇಪರ್‌ನ ತೀರ್ಪು.

ಕೌನ್ಸಿಲ್‌ಗೆ ಎಷ್ಟು ಹಲ್ಲಿದೆ ಅಂತ ಕೇಳಿದರೆ, ಜಾಸ್ತಿ ಇಲ್ಲ. 1978ರ ಕಾಯ್ದೆ ಪ್ರಕಾರ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವಂತಿಲ್ಲ. ಟಿವಿ ಅದರ ಕೈಗೆ ಬರಲ್ಲ. ಟಿವಿಯವರು ತಮ್ಮದೇ ಒಂದು ಪ್ರಾಧಿಕಾರ ಮಾಡಿಕೊಂಡಿದ್ದಾರೆ, ಅದರ ಸದಸ್ಯರಾದ ಚಾನೆಲ್‌ಗಳಿಗೆ ಮಾತ್ರ ಅದು ಅನ್ವಯ. ಚುನಾವಣೆ ಹೊತ್ತಿನಲ್ಲಿ ಜಿಲ್ಲಾ ಮಟ್ಟದ ಮಾಧ್ಯಮ ಸಮಿತಿ ಇರುತ್ತದೆ, ಅದು ನೋಡುವುದು ಮುಖ್ಯವಾಗಿ ದುಡ್ಡು ತಗೊಂಡು ಹಾಕಿದ ಸುದ್ದಿ. ‘ಪರದಾಟ’ದಂಥ ಪದ ಅಲ್ಲಿಗೆ ಹೋಗಲ್ಲ.

ನನ್ನ ಅನುಭವದಲ್ಲಿ ಕೌನ್ಸಿಲ್‌ಗಿಂತ ಸಂಪಾದಕರಿಗೆ ಬರೆದ ಪತ್ರಕ್ಕೇ ಬೆಲೆ ಜಾಸ್ತಿ. ಅದೂ ಬೈದು ಬರೆದ ಪತ್ರ ಅಲ್ಲ. ‘ನಿಮ್ಮದೇ ಸುದ್ದಿಯ ಮೂರನೇ ಪ್ಯಾರಾದಲ್ಲಿ ಹೀಗಿದೆ, ತಲೆಬರಹದಲ್ಲಿ ಹೀಗಿದೆ’ ಅಂತ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದರೆ ಡೆಸ್ಕ್‌ನಲ್ಲಿ ಓದುತ್ತಾರೆ.

ಹಳೇ ಡೆಸ್ಕ್

ಓದುತ್ತಾರೆ, ಅದು ನಿಜ. ಅಂಥ ಪತ್ರ ಬಂದ ವಾರ ನಾವು ಸ್ವಲ್ಪ ಹುಷಾರಾಗಿರುತ್ತಿದ್ದೆವು. ಪಕ್ಷದವರ ಫೋನ್ ದಿನಾ ಬರುತ್ತದೆ, ಅಭ್ಯಾಸ ಆಗಿರುತ್ತದೆ. ಯಾವ ಪಕ್ಷಕ್ಕೂ ಸೇರದ ಓದುಗರ ಪತ್ರ ಅಪರೂಪ.

ಅಂಗನವಾಡಿ ಅಕ್ಕ

ವಕೀಲರೇ, ನಮ್ಮ ಧರಣಿ ಸುದ್ದಿಯ ತುಣುಕು ಇಟ್ಟಿದ್ದೇನೆ. ಈಗ ಬರೆಯಬಹುದಾ? ತಡ ಆಯಿತಾ? ಬರೆದರೆ ಆ ವರದಿಗಾರ ಹುಡುಗನಿಗೆ ತೊಂದರೆ ಆಗಬಾರದು. ಅವನು ಒಳ್ಳೆಯವನು.

ಹರಿಹರ ವಕೀಲ

ತಡ ಆಗಿಲ್ಲಕ್ಕಾ. ಮೊದಲು ಸಂಪಾದಕರಿಗೇ ಬರೆಯಬೇಕು. ಅವರು ಸರಿಯಾಗಿ ಉತ್ತರ ಕೊಡದಿದ್ದರೆ ಕೌನ್ಸಿಲ್. ದಿನಪತ್ರಿಕೆ ಆದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು, ನಿಮಗಿನ್ನೂ ಸಮಯ ಇದೆ. ತುಣುಕಿನ ಮೇಲೆ ದಿನಾಂಕ, ಪುಟದ ಸಂಖ್ಯೆ ಬರೆದಿಡಿ. ಪತ್ರದಲ್ಲಿ ವರದಿ ಚೆನ್ನಾಗಿದೆ ಅಂತಲೇ ಶುರು ಮಾಡಿ, ತಕರಾರು ತಲೆಬರಹದ ಬಗ್ಗೆ ಮಾತ್ರ ಅಂತ ಬಿಡಿಸಿ ಹೇಳಿ. ಆಗ ಹುಡುಗನಿಗೆ ಒಳ್ಳೆಯದೇ ಆಗುತ್ತದೆ.

ಹಳೇ ಡೆಸ್ಕ್

ಸಂಪಾದಕರು, ಮುದ್ರಕರು, ಪ್ರಕಾಶಕರ ಹೆಸರು ವಿಳಾಸ ಪೇಪರ್‌ನಲ್ಲೇ ಸಣ್ಣಕ್ಷರದಲ್ಲಿ ಇರುತ್ತದೆ, ಸಾಮಾನ್ಯವಾಗಿ ಯಾವುದಾದರೂ ಪುಟದ ಅಡಿಯಲ್ಲಿ. ಅದನ್ನು ಹಾಕಲೇಬೇಕು ಅಂತ ಕಾನೂನಿದೆ. ಕರಡು ಬರೆದು ಇಲ್ಲಿ ಹಾಕಿ. ಉದ್ದ ಆದರೆ ನಾನು ಕತ್ತರಿಸಿ ಕೊಡುತ್ತೇನೆ, ಆ ಕೆಲಸ ಇನ್ನೂ ಮರೆತಿಲ್ಲ. ನೀವು ಬಯಸುವ ತಲೆಬರಹ ಯಾವುದು ಅಂತಲೂ ಒಂದು ಸಾಲು ಬರೆಯಿರಿ, ಒಂದು ಕಾಲಂಗೆ ಹಿಡಿಸುವ ಹಾಗೆ.

ಅಂಗನವಾಡಿ ಅಕ್ಕ

‘ಮೊಟ್ಟೆ ಬಿಲ್‌ಗೆ ಬಿಸಿಲಲ್ಲಿ ಕೂತರು’ ಹಿಡಿಸುತ್ತದಾ?

ಹಳೇ ಡೆಸ್ಕ್

ಮೂರು ಸಾಲಿಗೆ ಸರಿಯಾಗಿ ಕೂರುತ್ತದೆ. ಆದರೆ ಯಾರು ಕೂತರು ಅಂತ ಇಲ್ಲವಲ್ಲಕ್ಕಾ?

ಅಂಗನವಾಡಿ ಅಕ್ಕ

ಹೌದಲ್ಲ! ತಡೀರಿ, ಇನ್ನೊಂದು ಬರೆಯುತ್ತೇನೆ.